ಕೊಳವೆ ಹಾಯುವ ನೆಲದ ಜಮಾಖರ್ಚು

ಮಾನ್ಯರೇ,

ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಎಡ್ಮಂಟನ್‌ನಿಂದ ಬ್ರಿಟಿಷ್ ಕೊಲಂಬಿಯಾದ ಕರಾವಳಿಯ ಬರ್ನಬಿಗೆ ಹೋಗುವ ಟ್ರಾನ್ಸ್ ಮೌಂಟನ್ ತೈಲ ಪೈಪ್‌ಲೈನ್ 2024ರ ಮೇ 1ರಂದು ತನ್ನ ಹೊಸ ರೂಪದಲ್ಲಿ ಕೆಲಸ ಆರಂಭಿಸಿತು. 1953ರಲ್ಲಿ ಹಾಕಿದ ಹಳೆಯ ಕೊಳವೆಗೆ ಇನ್ನೊಂದನ್ನು ಜೋಡಿಸಿ, ದಿನಕ್ಕೆ 3 ಲಕ್ಷ ಬ್ಯಾರೆಲ್ ಇದ್ದ ಸಾಮರ್ಥ್ಯವನ್ನು 8.9 ಲಕ್ಷಕ್ಕೆ ಏರಿಸಿದ ಯೋಜನೆ ಇದು. ಆರಂಭದಲ್ಲಿ ಇದಕ್ಕೆ 540 ಕೋಟಿ ಕೆನಡಾ ಡಾಲರ್ ಸಾಕು ಎಂದು ಅಂದಾಜಿಸಿದ್ದರು. 2020ರಲ್ಲಿ ಅದು 1,260 ಕೋಟಿಯಾಯಿತು, 2022ರಲ್ಲಿ 2,140 ಕೋಟಿಯಾಯಿತು, ಕೆಲಸ ಮುಗಿಯುವ ಹೊತ್ತಿಗೆ ಸುಮಾರು 3,400 ಕೋಟಿಯನ್ನು ಮುಟ್ಟಿತು. ನಡುವೆ, 2018ರಲ್ಲಿ, ಖಾಸಗಿ ಕಂಪನಿ ಯೋಜನೆಯಿಂದ ಹಿಂದೆ ಸರಿಯುವ ಸೂಚನೆ ಕೊಟ್ಟಾಗ ಕೆನಡಾದ ಕೇಂದ್ರ ಸರ್ಕಾರವೇ 450 ಕೋಟಿ ಡಾಲರ್ ಕೊಟ್ಟು ಅದನ್ನು ಕೊಂಡುಕೊಂಡಿತ್ತು.

ಈ ಅಂಕಿಗಳನ್ನು ಮೊದಲೇ ಇಟ್ಟದ್ದು ಯೋಜನೆಯನ್ನು ಹಳಿಯುವುದಕ್ಕಲ್ಲ. ಇಷ್ಟು ದುಬಾರಿಯಾದ ಮೇಲೂ ಅದು ತೈಲ ಉತ್ಪಾದಕರಿಗೆ ಲಾಭ ತಂದಿದೆ, ಆಲ್ಬರ್ಟಾದ ಖಜಾನೆಗೂ ತಂದಿದೆ. ಅದೇ ಹೊತ್ತಿಗೆ ಕೆನಡಾದ ಸಂಸತ್ತಿನ ಬಜೆಟ್ ಅಧಿಕಾರಿಯ ಕಚೇರಿ 2022ರಲ್ಲಿಯೇ ಈ ಹೂಡಿಕೆಯಿಂದ ಕೇಂದ್ರ ಸರ್ಕಾರಕ್ಕೆ ನಿವ್ವಳ ನಷ್ಟವಾಗುತ್ತದೆ ಎಂದು ಲೆಕ್ಕ ಹಾಕಿತ್ತು. ಈ ಎರಡು ಮಾತುಗಳೂ ನಿಜ, ಏಕೆಂದರೆ ಅವು ಎರಡು ಬೇರೆ ಖಾತೆಗಳ ಮಾತುಗಳು. ಹೊಸ ತೈಲ ಪೈಪ್‌ಲೈನ್‌ನ ಲಾಭನಷ್ಟವನ್ನು ದೇಶಕ್ಕೆಲ್ಲ ಒಂದೇ ಮೊತ್ತದಲ್ಲಿ ಹೇಳುವ ರೂಢಿಯೇ ನಮ್ಮನ್ನು ದಾರಿ ತಪ್ಪಿಸುತ್ತದೆ ಎಂಬುದು ನನ್ನ ವಾದ. ಲಾಭ ಒಂದು ಊರಿನಲ್ಲಿ ಇಳಿಯುತ್ತದೆ, ಅಪಾಯ ಇನ್ನೊಂದು ಊರಿನಲ್ಲಿ ಕೂರುತ್ತದೆ. ಲಾಭ ಇಂದು ಬರುತ್ತದೆ, ಕೆಲವು ಖರ್ಚುಗಳು ನಲವತ್ತು ವರ್ಷಗಳ ನಂತರ ಬರುತ್ತವೆ. ಆದ್ದರಿಂದ ಪ್ರತಿಯೊಂದು ಪ್ರದೇಶವೂ ತನ್ನದೇ ಜಮಾಖರ್ಚನ್ನು ಬರೆದು ನೋಡಬೇಕು.

ಮೊದಲು ಜಮೆಯ ಕಡೆಯನ್ನು ನೋಡೋಣ. ಪೈಪ್‌ಲೈನ್‌ನ ನಿಜವಾದ ಆರ್ಥಿಕ ಶಕ್ತಿ ಇರುವುದು ಬೆಲೆಯಲ್ಲಿ. ಸಮುದ್ರದಿಂದ ದೂರವಿರುವ ತೈಲಕ್ಷೇತ್ರದಿಂದ ಹೊರಹೋಗುವ ದಾರಿಗಳು ಕಡಿಮೆ ಇದ್ದರೆ ಕೊಳ್ಳುವವರ ಸಂಖ್ಯೆಯೂ ಕಡಿಮೆ ಇರುತ್ತದೆ, ಆಗ ಮಾರುವವನು ಅವರು ಹೇಳಿದ ಬೆಲೆಗೆ ತಲೆಬಾಗಬೇಕಾಗುತ್ತದೆ. ಆಲ್ಬರ್ಟಾದ ಭಾರವಾದ ಕಚ್ಚಾ ತೈಲಕ್ಕೆ ಅಮೆರಿಕದ ಪ್ರಮಾಣ ತೈಲಕ್ಕಿಂತ (ಬೆಲೆಗೆ ಅಳತೆಗೋಲಾಗಿ ಹಿಡಿಯುವ ತೈಲ) ಯಾವಾಗಲೂ ಸ್ವಲ್ಪ ಕಡಿಮೆ ಬೆಲೆ ಇರುವುದು ಸಹಜ, ಏಕೆಂದರೆ ಅದನ್ನು ಸಂಸ್ಕರಿಸುವುದು ಕಷ್ಟ ಮತ್ತು ಸಾಗಿಸುವ ದೂರವೂ ಹೆಚ್ಚು. ಆದರೆ 2018ರ ಶರತ್ಕಾಲದಲ್ಲಿ ಉತ್ಪಾದನೆ ಹೆಚ್ಚಿ ಕೊಳವೆಗಳು ಸಾಲದೆ ಹೋದಾಗ ಆ ವ್ಯತ್ಯಾಸ ಬ್ಯಾರೆಲ್‌ಗೆ 40 ಅಮೆರಿಕನ್ ಡಾಲರ್‌ಗಳನ್ನೂ ದಾಟಿತು. ಗುಣಮಟ್ಟದ ಕೊರತೆಯೊಂದೇ ಇಷ್ಟು ದೊಡ್ಡ ಕಡಿತಕ್ಕೆ ಕಾರಣವಾಗಲಾರದು; ಅದರ ಬಹುಪಾಲು ದಾರಿಯ ಕೊರತೆಯಿಂದ ಬಂದದ್ದು. ಕೊನೆಗೆ ಪ್ರಾಂತ್ಯ ಸರ್ಕಾರ 2019ರ ಜನವರಿಯಿಂದ ದಿನಕ್ಕೆ 3.25 ಲಕ್ಷ ಬ್ಯಾರೆಲ್‌ಗಳಷ್ಟು ಉತ್ಪಾದನೆಯನ್ನು ಕಡಿತಗೊಳಿಸುವಂತೆ ಕಂಪನಿಗಳಿಗೆ ಆದೇಶಿಸಬೇಕಾಯಿತು. ತನ್ನ ನೆಲದ ಸಂಪತ್ತನ್ನು ತೆಗೆಯಬೇಡಿ ಎಂದು ತೈಲವನ್ನೇ ನೆಚ್ಚಿದ ಸರ್ಕಾರವೊಂದು ಹೇಳಬೇಕಾಗಿ ಬಂದ ಆ ಸ್ಥಿತಿಯೇ ಕೊಳವೆಯ ಕೊರತೆಯ ಬೆಲೆ ಎಷ್ಟೆಂಬುದನ್ನು ತೋರಿಸುತ್ತದೆ.

ಹೊಸ ದಾರಿ ತೆರೆದಾಗ ಈ ವ್ಯತ್ಯಾಸ ತಗ್ಗುತ್ತದೆ. ಹೊಸ ಕೊಳವೆಯಲ್ಲಿ ಹರಿಯುವ ತೈಲಕ್ಕೆ ಮಾತ್ರವಲ್ಲ, ಆ ಪ್ರದೇಶದಿಂದ ಹೊರಡುವ ಎಲ್ಲ ತೈಲಕ್ಕೂ ಉತ್ತಮ ಬೆಲೆ ಸಿಗುತ್ತದೆ, ಏಕೆಂದರೆ ಮಾರುಕಟ್ಟೆಯ ಬೆಲೆ ನಿರ್ಧಾರವಾಗುವುದು ದಾರಿ ಸಿಗದೆ ಉಳಿದ ಕೊನೆಯ ಬ್ಯಾರೆಲ್‌ನಿಂದ. ಪೈಪ್‌ಲೈನ್ ಪರವಾಗಿ ಮಾತನಾಡುವವರು ಈ ಅಂಶವನ್ನು ಒತ್ತಿ ಹೇಳುತ್ತಾರೆ, ಅದು ಸರಿಯಾಗಿಯೇ ಇದೆ. ಆದರೆ ಅದೇ ಉಸಿರಿನಲ್ಲಿ ಹೇಳಬೇಕಾದ ಇನ್ನೊಂದು ಮಾತಿದೆ. ಅಗ್ಗದ ತೈಲವನ್ನು ಇದುವರೆಗೆ ಕೊಳ್ಳುತ್ತಿದ್ದ ರಿಫೈನರಿಗಳಿಗೆ ಇದು ನಷ್ಟ. ಲಾಭ ಸೇರುವುದು ಉತ್ಪಾದಕ ಕಂಪನಿಗಳ ಷೇರುದಾರರಿಗೆ, ರಾಯಧನವಾಗಿ (ನೆಲದ ತೈಲ ತೆಗೆಯುವುದಕ್ಕೆ ಸರ್ಕಾರಕ್ಕೆ ಕೊಡುವ ಪಾಲು) ಆಲ್ಬರ್ಟಾ ಪ್ರಾಂತ್ಯಕ್ಕೆ, ತೆರಿಗೆಯಾಗಿ ಕೇಂದ್ರಕ್ಕೆ. ಕೊಳವೆ ಹಾದುಹೋಗುವ ಬ್ರಿಟಿಷ್ ಕೊಲಂಬಿಯಾದ ಕಣಿವೆಗಳಿಗೆ ಈ ಬೆಲೆಯ ಲಾಭದಲ್ಲಿ ಹುಟ್ಟಿನಿಂದ ಯಾವ ಪಾಲೂ ಇಲ್ಲ. ಅವು ಪಾಲು ಪಡೆಯಬೇಕಾದರೆ ಕೇಳಿ ಪಡೆಯಬೇಕು.

ಅವು ಕೇಳಿದವು ಕೂಡ. 2012ರಲ್ಲಿ ಬ್ರಿಟಿಷ್ ಕೊಲಂಬಿಯಾದ ಮುಖ್ಯಸ್ಥೆ ಕ್ರಿಸ್ಟಿ ಕ್ಲಾರ್ಕ್ ತಮ್ಮ ಪ್ರಾಂತ್ಯವನ್ನು ಹಾಯುವ ಯಾವುದೇ ಭಾರ ತೈಲದ ಕೊಳವೆಗೆ ಐದು ಷರತ್ತುಗಳನ್ನು ಮುಂದಿಟ್ಟರು. ಪರಿಸರ ಪರಿಶೀಲನೆ, ಸಮುದ್ರದ ಮೇಲಿನ ಸೋರಿಕೆಗೆ ಸಿದ್ಧತೆ, ನೆಲದ ಮೇಲಿನ ಸೋರಿಕೆಗೆ ಸಿದ್ಧತೆ, ಮೂಲನಿವಾಸಿ ಸಮುದಾಯಗಳ ಹಕ್ಕುಗಳ ಪಾಲನೆ ಇವುಗಳ ಜೊತೆಗೆ ಐದನೆಯದಾಗಿ, ತಾವು ಹೊರುವ ಅಪಾಯಕ್ಕೆ ತಕ್ಕ ಆರ್ಥಿಕ ಪಾಲು ಬೇಕು ಎಂಬುದೂ ಇತ್ತು. ಆ ಐದನೆಯ ಷರತ್ತು ಆಗ ಬಹಳ ಟೀಕೆಗೆ ಒಳಗಾಯಿತು. ಒಂದು ಪ್ರಾಂತ್ಯ ಇನ್ನೊಂದು ಪ್ರಾಂತ್ಯದ ದಾರಿಗೆ ಸುಂಕ ಕೇಳುವುದು ಒಕ್ಕೂಟದ ರೀತಿಯಲ್ಲ ಎಂದರು. ನನ್ನ ಅಭಿಪ್ರಾಯದಲ್ಲಿ ಆ ಷರತ್ತು ನ್ಯಾಯವಾಗಿತ್ತು. ಅಪಾಯವನ್ನು ಹೊರುವುದೂ ಒಂದು ಸೇವೆ, ಅದಕ್ಕೆ ಬೆಲೆ ಕಟ್ಟದಿದ್ದರೆ ಅದು ಉಚಿತವಾಗಿ ಸಿಗುವ ವಸ್ತುವೆಂದು ಯೋಜಕರು ಭಾವಿಸುತ್ತಾರೆ. 2017ರ ಜನವರಿಯಲ್ಲಿ ಟ್ರಾನ್ಸ್ ಮೌಂಟನ್‌ನ ಅಂದಿನ ಒಡೆತನದ ಕಂಪನಿಯೊಂದಿಗೆ ಪ್ರಾಂತ್ಯ ಮಾಡಿಕೊಂಡ ಒಪ್ಪಂದದಲ್ಲಿ ವರ್ಷಕ್ಕೆ 2.5 ಕೋಟಿಯಿಂದ 5 ಕೋಟಿ ಡಾಲರ್‌ವರೆಗೆ ಇಪ್ಪತ್ತು ವರ್ಷಗಳ ಪಾವತಿಯ ಮಾತು ಬಂತು. ಬರ್ನಬಿಯ ಧಕ್ಕೆಗೆ ತಿಂಗಳಿಗೆ ಐದರಷ್ಟು ಬರುತ್ತಿದ್ದ ಟ್ಯಾಂಕರ್ ಹಡಗುಗಳು ಮೂವತ್ತನಾಲ್ಕಕ್ಕೆ ಏರಬಹುದೆಂಬ ಯೋಜನೆಯ ಅಂದಾಜಿನ ಪಕ್ಕದಲ್ಲಿ ಆ ಮೊತ್ತವನ್ನು ಇಟ್ಟು ನೋಡಿದರೆ ಅದು ಹೆಚ್ಚೇ ಕಡಿಮೆಯೇ ಎಂದು ಕರಾವಳಿಯ ಜನರೇ ಹೇಳಬೇಕು. ಒಂದು ಬೆಲೆಯಾದರೂ ಕಾಗದಕ್ಕೆ ಇಳಿಯಿತು ಎಂಬುದು ಮುಖ್ಯ.

ಬೆಲೆಗೂ ಒಪ್ಪದ ಊರುಗಳೂ ಇರುತ್ತವೆ. ಅದೇ ಪ್ರಾಂತ್ಯದ ಉತ್ತರದಲ್ಲಿರುವ ಕಿಟಿಮಾಟ್, ನಾರ್ದರ್ನ್ ಗೇಟ್‌ವೇ ಎಂಬ ಇನ್ನೊಂದು ತೈಲ ಪೈಪ್‌ಲೈನ್ ಯೋಜನೆಯ ಕೊನೆಯ ನಿಲ್ದಾಣವಾಗಬೇಕಿದ್ದ ಊರು. ಕೈಗಾರಿಕೆಯನ್ನೇ ನಂಬಿ ಬೆಳೆದ ಊರು ಅದು, ಕೆಲಸಗಳ ಭರವಸೆಯೂ ಅಲ್ಲಿಗೇ ಹೆಚ್ಚಾಗಿತ್ತು. ಆದರೂ 2014ರ ಏಪ್ರಿಲ್‌ನಲ್ಲಿ ನಡೆದ ಜನಮತ ಸಂಗ್ರಹದಲ್ಲಿ ಶೇಕಡಾ 58ಕ್ಕೂ ಹೆಚ್ಚು ಮಂದಿ ಬೇಡವೆಂದರು. ಎರಡು ತಿಂಗಳಲ್ಲಿ ಕೇಂದ್ರ ಸರ್ಕಾರ 209 ಷರತ್ತುಗಳೊಂದಿಗೆ ಅನುಮತಿ ಕೊಟ್ಟಿತು. ಮೂಲನಿವಾಸಿಗಳೊಂದಿಗೆ ಸಮಾಲೋಚನೆ ಸಾಲದೆಂದು 2016ರಲ್ಲಿ ನ್ಯಾಯಾಲಯ ಅದನ್ನು ರದ್ದುಮಾಡಿತು. ಅದೇ ವರ್ಷ ಹೊಸ ಸರ್ಕಾರ ಯೋಜನೆಯನ್ನೇ ತಿರಸ್ಕರಿಸಿತು. ಸ್ಥಳೀಯರ ಒಪ್ಪಿಗೆಯನ್ನು ನೀತಿಯ ಪ್ರಶ್ನೆಯಾಗಿ ಮಾತ್ರ ನೋಡುವವರು ಅದರ ಹಣದ ಮುಖವನ್ನೂ ನೋಡಬೇಕು. ಟ್ರಾನ್ಸ್ ಮೌಂಟನ್‌ನ ಅನುಮತಿಯೂ 2018ರ ಆಗಸ್ಟ್‌ನಲ್ಲಿ ಬಹುಮಟ್ಟಿಗೆ ಇದೇ ಕಾರಣಕ್ಕೆ ನ್ಯಾಯಾಲಯದಲ್ಲಿ ಬಿದ್ದುಹೋಗಿ, ಮರಳಿ ಸಿಕ್ಕಿದ್ದು 2019ರ ಜೂನ್‌ನಲ್ಲಿ. ಅಷ್ಟು ದೊಡ್ಡ ಕಾಮಗಾರಿಯಲ್ಲಿ ಪ್ರತಿ ತಿಂಗಳ ವಿಳಂಬಕ್ಕೂ ಬಡ್ಡಿ ಇರುತ್ತದೆ.

ಉದ್ಯೋಗದ ವಿಷಯಕ್ಕೆ ಬಂದಾಗ ನಾವು ಇನ್ನೂ ಎಚ್ಚರದಿಂದ ಇರಬೇಕು, ಏಕೆಂದರೆ ಸಭೆಗಳಲ್ಲಿ ಅತಿ ಹೆಚ್ಚು ಉದ್ಧರಿಸುವ ಅಂಕಿ ಇದೇ. ಆಲ್ಬರ್ಟಾದ ತೈಲವನ್ನು ಅಮೆರಿಕಕ್ಕೆ ಒಯ್ಯಬೇಕಿದ್ದ ಕೀಸ್ಟೋನ್ ಎಕ್ಸ್‌ಎಲ್ ಪೈಪ್‌ಲೈನ್ ಬಗ್ಗೆ ಅಮೆರಿಕದ ವಿದೇಶಾಂಗ ಇಲಾಖೆ 2014ರಲ್ಲಿ ಪ್ರಕಟಿಸಿದ ಪರಿಶೀಲನಾ ವರದಿ ನಿರ್ಮಾಣದ ಅವಧಿಯಲ್ಲಿ ಸುಮಾರು 42,100 ಉದ್ಯೋಗಗಳಿಗೆ ಆಧಾರ ಸಿಗುತ್ತದೆ ಎಂದಿತು. ಆ ಸಂಖ್ಯೆ ಎಲ್ಲೆಡೆ ಹಬ್ಬಿತು. ಅದರಲ್ಲಿ ಕೊಳವೆಯ ಕೆಲಸ ಮಾಡುವವರ ಜೊತೆಗೆ ಉಕ್ಕು ಒದಗಿಸುವವರು, ಕಾರ್ಮಿಕರು ಉಂಡು ತಂಗುವ ಊರುಗಳ ವ್ಯಾಪಾರಿಗಳು ಎಲ್ಲರೂ ಸೇರಿದ್ದರು. ನೇರ ನಿರ್ಮಾಣ ಕೆಲಸವನ್ನು ಒಂದು ವರ್ಷದ ಲೆಕ್ಕಕ್ಕೆ ತಂದರೆ ಅದು ಸುಮಾರು 3,900 ಆಗುತ್ತಿತ್ತು. ಕೊಳವೆ ನಡೆಯತೊಡಗಿದ ಮೇಲೆ ಉಳಿಯುವ ಕೆಲಸಗಳು ಅದೇ ವರದಿಯ ಪ್ರಕಾರ ಸುಮಾರು 50, ಅವುಗಳಲ್ಲಿ 35 ಕಾಯಂ. ಇದು ಯಾರ ಮೋಸವೂ ಅಲ್ಲ, ಪೈಪ್‌ಲೈನ್‌ನ ಸ್ವಭಾವವೇ ಹಾಗೆ. ಕಡಿಮೆ ಜನರಿಂದ ಹೆಚ್ಚು ತೈಲ ಸಾಗಿಸುವುದರಿಂದಲೇ ಅದು ಅಗ್ಗದ ಸಾಧನ. ಸಾಗಣೆ ಅಗ್ಗವಾಗಿಯೂ ಇರಬೇಕು, ದಾರಿಯುದ್ದಕ್ಕೂ ಕಾಯಂ ಕೆಲಸಗಳನ್ನೂ ಕೊಡಬೇಕು ಎಂದರೆ ಅದು ಆಗುವ ಮಾತಲ್ಲ.

ನಿರ್ಮಾಣದ ಅವಧಿಯಲ್ಲಿ ಊರಿಗೆ ಏನಾಗುತ್ತದೆ ಎಂಬುದಕ್ಕೆ ಅಲಾಸ್ಕಾದ ಫೇರ್‌ಬ್ಯಾಂಕ್ಸ್ ಹಳೆಯ ಉದಾಹರಣೆ. ಪ್ರೂಡೋ ಬೇಯಿಂದ ವಾಲ್ಡೀಜ್ ಬಂದರಿಗೆ ಸುಮಾರು 1,290 ಕಿಲೋಮೀಟರ್ ಉದ್ದದ ಟ್ರಾನ್ಸ್ ಅಲಾಸ್ಕಾ ಪೈಪ್‌ಲೈನ್ 1975ರಿಂದ 1977ರವರೆಗೆ ನಿರ್ಮಾಣವಾದಾಗ ಆ ಸಣ್ಣ ನಗರಕ್ಕೆ ಹಣದ ಹೊಳೆಯೇ ಹರಿಯಿತು. ಜೊತೆಗೆ ಮನೆ ಬಾಡಿಗೆ ಏರಿತು, ಅಪರಾಧ ಹೆಚ್ಚಿತು, ಹೆಚ್ಚಿನ ಕೂಲಿಯ ಆಸೆಗೆ ಜನ ಹಳೆಯ ಕೆಲಸಗಳನ್ನು ಬಿಟ್ಟುಹೋದದ್ದರಿಂದ ಸ್ಥಳೀಯ ಅಂಗಡಿ ಕಚೇರಿಗಳಿಗೆ ಕೆಲಸಗಾರರು ಸಿಗದಾದರು. ನಿಶ್ಚಿತ ಸಂಬಳದ ಮೇಲೆ ಬದುಕುವವರಿಗೆ ಆ ಎರಡು ವರ್ಷಗಳು ಕಷ್ಟದ ವರ್ಷಗಳೇ ಆದವು. ಹೊರಗಿನಿಂದ ಬಂದ ಬೆಸುಗೆಗಾರ ಪಡೆದ ಕೂಲಿಯಲ್ಲಿ ಊರಿನಲ್ಲಿ ಖರ್ಚಾದದ್ದು ಮಾತ್ರ ಊರಿನ ಜಮೆ. ಆತ ತನ್ನ ಮನೆಗೆ ಕಳಿಸಿದ್ದನ್ನು ಇಲ್ಲಿ ಎಣಿಸುವಂತಿಲ್ಲ.

ಆದರೆ ಅಲಾಸ್ಕಾ ಇನ್ನೊಂದು ಕೆಲಸವನ್ನೂ ಮಾಡಿತು, ಅದನ್ನು ನಾನು ಮನಸಾರೆ ಮೆಚ್ಚುತ್ತೇನೆ. ತೈಲ ಹರಿಯುವುದಕ್ಕೆ ಮೊದಲೇ, 1976ರಲ್ಲಿ, ಖನಿಜ ರಾಯಧನದ ಕನಿಷ್ಠ ಕಾಲುಭಾಗ ಒಂದು ಶಾಶ್ವತ ನಿಧಿಗೆ ಹೋಗಬೇಕೆಂದು ಅಲ್ಲಿನ ಜನ ತಮ್ಮ ಸಂವಿಧಾನವನ್ನೇ ತಿದ್ದಿಕೊಂಡರು. 1982ರಿಂದ ಆ ನಿಧಿಯಿಂದ ನಿವಾಸಿಗಳಿಗೆ ನೇರವಾಗಿ ವಾರ್ಷಿಕ ಪಾಲು ಸಿಗುತ್ತಿದೆ. ಇದಕ್ಕೆ ಎದುರಾಗಿ ಚಾಡ್ ದೇಶವನ್ನು ನೋಡಿ. ಅಲ್ಲಿನ ದೋಬಾ ಪ್ರದೇಶದ ತೈಲವನ್ನು ಕ್ಯಾಮರೂನ್‌ನ ಕರಾವಳಿಗೆ ಒಯ್ಯುವ 1,070 ಕಿಲೋಮೀಟರ್ ಕೊಳವೆಗೆ ವಿಶ್ವ ಬ್ಯಾಂಕ್ ನೆರವು ಕೊಟ್ಟಾಗ, ಆದಾಯದ ಒಂದು ಭಾಗವನ್ನು ಮುಂದಿನ ಪೀಳಿಗೆಗೆ ಮೀಸಲಿಡುವ ಕಾನೂನು ಅಲ್ಲಿಯೂ ಆಗಿತ್ತು. 2003ರಲ್ಲಿ ತೈಲ ಹರಿಯಿತು; ಮೂರು ವರ್ಷ ತುಂಬುವುದರೊಳಗೆ ಸರ್ಕಾರ ಆ ಕಾನೂನನ್ನೇ ಸಡಿಲಿಸಿತು; 2008ರಲ್ಲಿ ಬ್ಯಾಂಕ್ ಆ ಯೋಜನೆಯಿಂದ ಹೊರಬಂತು. ಕೊಳವೆ ಎರಡೂ ಕಡೆ ಚೆನ್ನಾಗಿಯೇ ಕೆಲಸ ಮಾಡಿತು. ಪ್ರದೇಶಕ್ಕೆ ಉಳಿದದ್ದೆಷ್ಟು ಎಂಬುದನ್ನು ನಿರ್ಧರಿಸಿದ್ದು, ಹಣ ಬರುವ ಮೊದಲು ಬರೆದ ನಿಯಮವನ್ನು ಬಂದ ಮೇಲೆ ಅಳಿಸಲು ಎಷ್ಟು ಕಷ್ಟವಿತ್ತು ಎಂಬುದು.

ಈಗ ಖರ್ಚಿನ ಕಡೆ. 2010ರ ಜುಲೈ 25ರಂದು ಅಮೆರಿಕದ ಮಿಷಿಗನ್ ರಾಜ್ಯದ ಮಾರ್ಷಲ್ ಊರಿನ ಬಳಿ ಎನ್‌ಬ್ರಿಜ್ ಕಂಪನಿಯ 6ಬಿ ಕೊಳವೆ ಒಡೆಯಿತು. ನಿಯಂತ್ರಣ ಕೊಠಡಿಯಲ್ಲಿ ಎಚ್ಚರಿಕೆಯ ಗಂಟೆಗಳು ಮೊಳಗಿದರೂ ಅದನ್ನು ಕೊಳವೆಯೊಳಗಿನ ಒತ್ತಡದ ಏರುಪೇರು ಎಂದು ತಿಳಿದು, ಪಂಪುಗಳನ್ನು ಎರಡು ಬಾರಿ ಮತ್ತೆ ಚಾಲೂ ಮಾಡಲಾಯಿತು. ಸೋರಿಕೆ ಖಚಿತವಾಗುವ ಹೊತ್ತಿಗೆ 17 ಗಂಟೆಗಳು ಕಳೆದಿದ್ದವು. ಅದನ್ನು ಕಂಡು ತಿಳಿಸಿದವರು ಕಂಪನಿಯವರಲ್ಲ, ಬೇರೊಂದು ಅನಿಲ ಸಂಸ್ಥೆಯ ಕೆಲಸಗಾರರು. ಸುಮಾರು 20,000 ಬ್ಯಾರೆಲ್ ತೈಲ ಟಾಲ್ಮಡ್ಜ್ ಹಳ್ಳದ ಮೂಲಕ ಕಲಮಜೂ ನದಿಗೆ ಸೇರಿತು. ಅದು ತೆಳುವಾಗಿಸಲು ದ್ರಾವಕ ಬೆರೆಸಿದ ಬಿಟುಮೆನ್, ಅಂದರೆ ಡಾಂಬರಿನಂಥ ಮಂದ ತೈಲ, ಆಗಿದ್ದರಿಂದ, ದ್ರಾವಕ ಆವಿಯಾದಂತೆ ಉಳಿದ ಭಾಗದಲ್ಲಿ ಬಹಳಷ್ಟು ನೀರಿನ ತಳಕ್ಕೆ ಇಳಿಯಿತು. ತೇಲುವ ತೈಲವನ್ನು ತಡೆಬೇಲಿ ಹಾಕಿ ಹೀರಬಹುದು, ತಳದ ಕೆಸರಿನಲ್ಲಿ ಸೇರಿದ್ದನ್ನು ಹೂಳೆತ್ತಿಯೇ ತೆಗೆಯಬೇಕು. ನದಿಯ ದೊಡ್ಡ ಭಾಗ ಸುಮಾರು ಎರಡು ವರ್ಷ ಜನರಿಗೆ ಮುಚ್ಚಿತ್ತು, ಶುದ್ಧೀಕರಣಕ್ಕೆ 120 ಕೋಟಿ ಅಮೆರಿಕನ್ ಡಾಲರ್‌ಗೂ ಹೆಚ್ಚು ಖರ್ಚಾಯಿತು. ಒಡೆದ ಜಾಗದ ದೋಷ 2005ರ ತಪಾಸಣೆಯಲ್ಲಿಯೇ ಕಂಡಿತ್ತು ಎಂಬುದನ್ನು ತನಿಖಾ ಮಂಡಳಿ ದಾಖಲಿಸಿತು.

ಆ ಮೊತ್ತವನ್ನು ನೆನಪಿನಲ್ಲಿಟ್ಟುಕೊಂಡು ಕೆನಡಾದ ಕಾನೂನನ್ನು ಓದಿ. ಅಲ್ಲಿ 2016ರಿಂದ ಜಾರಿಯಲ್ಲಿರುವ ನಿಯಮದಂತೆ, ದಿನಕ್ಕೆ 2.5 ಲಕ್ಷ ಬ್ಯಾರೆಲ್ ಅಥವಾ ಹೆಚ್ಚು ಸಾಗಿಸುವ ಸಾಮರ್ಥ್ಯದ ತೈಲ ಪೈಪ್‌ಲೈನ್ ಕಂಪನಿ ತನ್ನ ತಪ್ಪಿರಲಿ ಇಲ್ಲದಿರಲಿ 100 ಕೋಟಿ ಕೆನಡಾ ಡಾಲರ್‌ವರೆಗಿನ ಹಾನಿಗೆ ಹೊಣೆಯಾಗುತ್ತದೆ. ತಪ್ಪು ಸಾಬೀತಾದರೆ ಮಿತಿಯೇ ಇಲ್ಲ. ಇದು ಒಳ್ಳೆಯ ಕಾನೂನು, ಹಲವು ದೇಶಗಳಲ್ಲಿ ಇಷ್ಟೂ ಇಲ್ಲ. ಆದರೂ ಮಧ್ಯಮ ಗಾತ್ರದ ಒಂದು ನದಿಯಲ್ಲಿ ಆದ ಒಂದೇ ಸೋರಿಕೆಯ ಖರ್ಚು ಈ ಮಿತಿಯನ್ನು ದಾಟಿ ಹೋಗಿರುವಾಗ, ದಾಟಿದ ಭಾಗವನ್ನು ಯಾರು ಕೊಡುತ್ತಾರೆ, ತಪ್ಪು ಯಾರದೆಂಬ ವ್ಯಾಜ್ಯ ಮುಗಿಯುವವರೆಗೆ ಮೀನುಗಾರರೂ ಹೋಟೆಲಿನವರೂ ಹೇಗೆ ಬದುಕುತ್ತಾರೆ ಎಂಬ ಪ್ರಶ್ನೆ ಉಳಿಯುತ್ತದೆ.

ಇಲ್ಲಿಯೇ ಸರಾಸರಿಯ ಲೆಕ್ಕ ಕೈಕೊಡುವುದು. ದೊಡ್ಡ ಸೋರಿಕೆಯ ಸಂಭವನೀಯತೆ ಚಿಕ್ಕದು, ಅದನ್ನು ಹಾನಿಯ ಮೊತ್ತದಿಂದ ಗುಣಿಸಿದರೆ ವರ್ಷಕ್ಕೆ ಇಷ್ಟೇ ಎಂಬ ಸಣ್ಣ ಸಂಖ್ಯೆ ಬರುತ್ತದೆ, ಲಾಭದ ಎದುರು ಅದು ಏನೂ ಅಲ್ಲ ಎನ್ನುತ್ತಾರೆ. ನೂರು ನದಿಗಳಿರುವ ದೇಶಕ್ಕೆ ಈ ಗುಣಾಕಾರ ಸರಿ. ಒಂದೇ ನದಿ ಇರುವ ಕಣಿವೆಗೆ ಅದು ಸರಿಯಲ್ಲ, ಏಕೆಂದರೆ ಅಲ್ಲಿ ಸರಾಸರಿ ಎಂಬುದು ಎಂದೂ ಘಟಿಸುವುದಿಲ್ಲ. ಒಂದೋ ಏನೂ ಆಗುವುದಿಲ್ಲ, ಇಲ್ಲವೇ ಆ ಕಣಿವೆಯ ಜೀವನೋಪಾಯವೇ ಕೆಲವು ವರ್ಷ ನಿಂತುಹೋಗುತ್ತದೆ. ಮನೆಗೆ ಬೆಂಕಿ ಬೀಳುವ ಸಂಭವ ಎಷ್ಟೇ ಕಡಿಮೆ ಇದ್ದರೂ ನಾವು ಸರಾಸರಿ ನಷ್ಟಕ್ಕಿಂತ ಹೆಚ್ಚಿನ ಕಂತು ಕಟ್ಟಿ ವಿಮೆ ಮಾಡಿಸುತ್ತೇವಲ್ಲ, ಅದೇ ವಿವೇಕವನ್ನು ಇಲ್ಲಿಯೂ ಬಳಸಬೇಕು: ಸಣ್ಣ ಪ್ರದೇಶವೊಂದು ಕೇಳಬೇಕಾದದ್ದು ಸರಾಸರಿ ಹಾನಿಯ ಪರಿಹಾರವನ್ನಲ್ಲ, ಅತಿ ಕೆಟ್ಟ ದಿನಕ್ಕೆ ಸಾಲುವ ಭದ್ರತೆಯನ್ನು.

ಹಾಗೆಂದು ಕೊಳವೆಯನ್ನು ನಿಲ್ಲಿಸಿದರೆ ಅಪಾಯವೂ ನಿಲ್ಲುತ್ತದೆ ಎಂದು ಭಾವಿಸುವುದೂ ತಪ್ಪು. ದಾರಿ ಸಿಗದ ತೈಲ ರೈಲು ಹತ್ತುತ್ತದೆ. 2013ರ ಜುಲೈ 6ರಂದು ಕೆನಡಾದ ಕ್ಯುಬೆಕ್ ಪ್ರಾಂತ್ಯದ ಲಾಕ್ ಮೆಗಾಂಟಿಕ್ ಪಟ್ಟಣದ ನಡುವೆ ಕಚ್ಚಾ ತೈಲದ ರೈಲು ಹಳಿ ತಪ್ಪಿ ಹೊತ್ತಿ ಉರಿದಾಗ 47 ಜನ ಸತ್ತರು. ಆ ರೈಲು ಕಂಪನಿಗೆ ಇದ್ದ ಹೊಣೆಗಾರಿಕೆ ವಿಮೆ 2.5 ಕೋಟಿ ಡಾಲರ್ ಮಾತ್ರ. ಅದು ಕೆಲವೇ ವಾರಗಳಲ್ಲಿ ದಿವಾಳಿ ರಕ್ಷಣೆಗಾಗಿ ನ್ಯಾಯಾಲಯಕ್ಕೆ ಹೋಯಿತು. ಸಾಗಣೆಯ ಬೆಲೆಯಲ್ಲಿಯೂ ರೈಲು ಕೊಳವೆಗಿಂತ ದುಬಾರಿ. ಆದ್ದರಿಂದ ಹೊಸ ಪೈಪ್‌ಲೈನನ್ನು ತೂಗುವಾಗ ಎದುರಿನ ತಟ್ಟೆಯಲ್ಲಿ ‘ಏನೂ ಇಲ್ಲ’ ಎಂಬುದನ್ನು ಇಡದೆ, ಅದು ಇಲ್ಲದಿದ್ದರೆ ನಿಜವಾಗಿ ಏನು ನಡೆಯುತ್ತದೆಯೋ ಅದನ್ನು ಇಡಬೇಕು. ಆದರೆ ಈ ಹೋಲಿಕೆಯಲ್ಲಿಯೂ ಜಾಗ ಬದಲಾಗುತ್ತದೆ ಎಂಬುದನ್ನು ಮರೆಯಬಾರದು. ರೈಲು ಹಾಯುವ ಊರಿಗೆ ಕೊಳವೆಯಿಂದ ನೆಮ್ಮದಿ ಸಿಗಬಹುದು, ಆದರೆ ರೈಲೇ ಹೋಗದ, ಸಾಲ್ಮನ್ ಮೀನುಗಳ ನದಿಯ ಊರಿಗೆ ಕೊಳವೆ ಹೊಸ ಅಪಾಯವೇ.

ಅವಲಂಬನೆಯ ವಿಷಯವನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. ಒಂದೇ ಕೊಳವೆಯನ್ನು ನೆಚ್ಚಿದ ಪ್ರದೇಶ ಆ ಕೊಳವೆಯಷ್ಟೇ ಗಟ್ಟಿ. 2021ರ ನವೆಂಬರ್ ಪ್ರವಾಹದಲ್ಲಿ ಟ್ರಾನ್ಸ್ ಮೌಂಟನ್ ಸುಮಾರು ಮೂರು ವಾರ ನಿಂತಾಗ ಬ್ರಿಟಿಷ್ ಕೊಲಂಬಿಯಾದ ದಕ್ಷಿಣ ಕರಾವಳಿಯಲ್ಲಿ ಸಾಮಾನ್ಯ ವಾಹನಕ್ಕೆ ಒಂದು ಭೇಟಿಗೆ 30 ಲೀಟರ್ ಇಂಧನ ಎಂಬ ಮಿತಿ ಬಂತು. ಆ ಊರುಗಳಿಗೆ ಕೊಳವೆ ಬರೀ ಹೊರೆಯಲ್ಲ, ನಿತ್ಯದ ಅಗತ್ಯವೂ ಹೌದು ಎಂಬುದು ಆಗ ಕಂಡಿತು. ದಕ್ಷಿಣ ಸುಡಾನ್‌ನ ಕಥೆ ಇನ್ನೂ ಕಠಿಣ. ಸರ್ಕಾರದ ಆದಾಯದ ಹೆಚ್ಚುಕಡಿಮೆ ಎಲ್ಲವೂ ತೈಲದಿಂದ ಬರುತ್ತಿದ್ದ ಆ ಹೊಸ ದೇಶ, ನೆರೆಯ ಸುಡಾನ್‌ನೊಂದಿಗೆ ಸಾಗಣೆ ಶುಲ್ಕದ ಜಗಳದಲ್ಲಿ 2012ರ ಜನವರಿಯಲ್ಲಿ ಉತ್ಪಾದನೆಯನ್ನೇ ನಿಲ್ಲಿಸಿ ವರ್ಷಕ್ಕೂ ಹೆಚ್ಚು ಕಾಲ ಬರಿಗೈಯಲ್ಲಿ ಕುಳಿತಿತ್ತು.

ಉಳಿದದ್ದು ಕಾಲದ ಪ್ರಶ್ನೆ, ನನಗೆ ಇದೇ ಅತ್ಯಂತ ಗಹನವಾಗಿ ಕಾಣುತ್ತದೆ. ಪೈಪ್‌ಲೈನ್‌ನ ನಿರ್ಮಾಣದ ಖರ್ಚೆಲ್ಲ ಮೊದಲ ದಿನವೇ ನೆಲದೊಳಗೆ ಹೂತುಹೋಗುತ್ತದೆ, ಅದು ಮರಳಿ ಬರುವುದು ದಶಕಗಳ ಸಾಗಣೆ ದರದಿಂದ. ಆ ದಶಕಗಳಲ್ಲಿ ತೈಲಕ್ಕೆ ಎಷ್ಟು ಬೇಡಿಕೆ ಇರುತ್ತದೆ ಎಂದು ಖಚಿತವಾಗಿ ಹೇಳಬಲ್ಲವರು ಯಾರೂ ಇಲ್ಲ. ಕಂಪನಿಗಳು ಇದನ್ನು ಬಲ್ಲವು. ಆದ್ದರಿಂದಲೇ ಸಾಗಿಸುವವರೊಂದಿಗೆ ದೀರ್ಘಾವಧಿಯ ಕರಾರು ಮಾಡಿಕೊಂಡ ಮೇಲೆ ಮಾತ್ರ ನಿರ್ಮಾಣಕ್ಕೆ ಇಳಿಯುತ್ತವೆ. ಟ್ರಾನ್ಸ್ ಮೌಂಟನ್‌ನ ಕರಾರುಗಳಲ್ಲಿ ವೆಚ್ಚದ ಏರಿಕೆಯ ಒಂದು ಭಾಗವನ್ನು ಮಾತ್ರ ದರಕ್ಕೆ ಸೇರಿಸಲು ಅವಕಾಶವಿತ್ತು, ಉಳಿದದ್ದು ಮಾಲೀಕನ ತಲೆಗೆ, ಅಂದರೆ ತೆರಿಗೆದಾರನ ತಲೆಗೆ ಬಂತು. ಕೀಸ್ಟೋನ್ ಎಕ್ಸ್‌ಎಲ್‌ನಲ್ಲಿ ಆಲ್ಬರ್ಟಾ ಸರ್ಕಾರ 2020ರಲ್ಲಿ ಸಾರ್ವಜನಿಕ ಹಣ ಹೂಡಿತು. 2021ರ ಜನವರಿ 20ರಂದು ಅಮೆರಿಕದ ಹೊಸ ಅಧ್ಯಕ್ಷರು ಅನುಮತಿ ರದ್ದುಮಾಡಿದಾಗ ಪ್ರಾಂತ್ಯಕ್ಕೆ ಸುಮಾರು 130 ಕೋಟಿ ಕೆನಡಾ ಡಾಲರ್ ನಷ್ಟವಾಯಿತು. ಖಾಸಗಿ ಹೂಡಿಕೆದಾರರು ಹಿಂಜರಿಯುವ ಕಡೆ ಪ್ರಾದೇಶಿಕ ಸರ್ಕಾರ ಮುನ್ನುಗ್ಗುವಾಗ, ಅವರು ಹಿಂಜರಿದ ಕಾರಣವನ್ನು ಒಮ್ಮೆ ಕೂತು ಓದಬೇಕು.

ಹರಿವು ತಗ್ಗಿದರೆ ಏನಾಗುತ್ತದೆ ಎಂಬುದನ್ನೂ ಅಲಾಸ್ಕಾವೇ ತೋರಿಸುತ್ತದೆ. 1988ರಲ್ಲಿ ದಿನಕ್ಕೆ ಸುಮಾರು 20 ಲಕ್ಷ ಬ್ಯಾರೆಲ್ ಸಾಗಿಸಿದ ಆ ಕೊಳವೆಯಲ್ಲಿ ಇತ್ತೀಚಿನ ವರ್ಷಗಳಲ್ಲಿ 5 ಲಕ್ಷಕ್ಕಿಂತ ಕಡಿಮೆ ಹರಿಯುತ್ತಿದೆ. ಹರಿವು ನಿಧಾನವಾದಂತೆ ತೈಲ ದಾರಿಯಲ್ಲಿ ತಣ್ಣಗಾಗುತ್ತದೆ, ಮೇಣ ಗೋಡೆಗೆ ಅಂಟುತ್ತದೆ, ನೀರು ಬೇರ್ಪಟ್ಟು ಹೆಪ್ಪುಗಟ್ಟುವ ಭಯ ಹುಟ್ಟುತ್ತದೆ, ನಿರ್ವಹಣೆಯ ಖರ್ಚು ಪ್ರತಿ ಬ್ಯಾರೆಲ್‌ಗೆ ಏರುತ್ತದೆ. ಆದಾಯ ಇಳಿಯುವ ಹೊತ್ತಿಗೇ ಜೋಪಾನ ಮಾಡಬೇಕಾದ ಕೊಳವೆ ಹಳತಾಗಿರುತ್ತದೆ.

ಕೊನೆಗೊಂದು ದಿನ ಅದು ನಿಲ್ಲುತ್ತದೆ. ಆಗ ಕೊಳವೆಯನ್ನು ಕಿತ್ತು ತೆಗೆಯಬೇಕೇ, ತೊಳೆದು ಮುಚ್ಚಿ ನೆಲದಲ್ಲಿಯೇ ಬಿಡಬೇಕೇ, ಬಿಟ್ಟರೆ ಅದು ತುಕ್ಕು ಹಿಡಿದು ಹೊಲದ ಕೆಳಗೆ ನೀರಿನ ಕಾಲುವೆಯಾಗದಂತೆ ನೋಡುವವರು ಯಾರು ಎಂಬ ಪ್ರಶ್ನೆಗಳು ಬರುತ್ತವೆ. ಉತ್ತರ ಹೇಳಬೇಕಾದ ಕಂಪನಿ ಆಗ ಇರುತ್ತದೆ ಎಂಬ ಖಾತರಿ ಇಲ್ಲ. ಕೆನಡಾದಲ್ಲಿ ರೈತರು ವರ್ಷಗಟ್ಟಲೆ ಈ ಪ್ರಶ್ನೆಯನ್ನು ಎತ್ತಿದ ಮೇಲೆ, ಕೇಂದ್ರದ ನಿಯಂತ್ರಣದಲ್ಲಿರುವ ಪೈಪ್‌ಲೈನ್ ಕಂಪನಿಗಳು 2015ರಿಂದ ಈ ಕೆಲಸಕ್ಕೆಂದು ಹಣವನ್ನು ಪ್ರತ್ಯೇಕವಾಗಿ ತೆಗೆದಿಡಬೇಕಾಯಿತು. 1950ರ ದಶಕದಲ್ಲಿ ಹೂತ ಕೊಳವೆಗಳಿಗೆ ಆರು ದಶಕಗಳ ನಂತರ ಆರಂಭವಾದ ಉಳಿತಾಯ ಅದು. ಹೊಸ ಪೈಪ್‌ಲೈನ್ ತನ್ನ ನೆಲಕ್ಕೆ ಬರಬೇಕೆಂದು ಒಪ್ಪುವ ಪ್ರದೇಶ ಬೆಲೆಯ ಪಾಲನ್ನು ಕೇಳಲಿ, ಅತಿ ಕೆಟ್ಟ ದಿನದ ಭದ್ರತೆಯನ್ನು ಕೇಳಲಿ, ಅದರ ಜೊತೆಗೆ ಈ ನಿಧಿಯ ಮೊದಲ ಕಂತು ಮೊದಲ ಬ್ಯಾರೆಲ್ ಹರಿಯುವ ದಿನವೇ, ಕಂಪನಿಯ ಕೈಗೆ ಎಟುಕದ ಖಾತೆಯಲ್ಲಿ ಜಮೆಯಾಗಬೇಕೆಂದೂ ಕೇಳಲಿ.